ಕೆಲಸ ಸೇರಿದಾಗ, ಬದಲಿಸಿದಾಗ, ಬಿಟ್ಟಾಗ: ಇಎಸ್‌ಐ ಚಿಕಿತ್ಸೆಯ ಹಕ್ಕನ್ನು ಲೆಕ್ಕ ಹಾಕುವುದು ಹೇಗೆ?

‘ಕೆಲಸ ಬಿಟ್ಟ ಮೇಲೂ ಇಎಸ್‌ಐ ಕಾರ್ಡು ನಡೆಯುತ್ತದೆಯೇ?’, ‘ಸಂಬಳ 21,000 ರೂ. ದಾಟಿತು, ತಾಯಿಯ ಡಯಾಲಿಸಿಸ್ ನಿಂತುಹೋಗುತ್ತದೆಯೇ?’, ‘ಗುತ್ತಿಗೆಯ ಮೇಲೆ ದುಡಿಯುವವರಿಗೂ ಇಎಸ್‌ಐ ಉಂಟೇ?’ ಓದುಗರಿಂದ ಪದೇಪದೇ ಬರುವ ಪ್ರಶ್ನೆಗಳು ಇವು. ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ನೌಕರರ ರಾಜ್ಯ ವಿಮಾ ಯೋಜನೆಯಲ್ಲಿ, ಅಂದರೆ ಇಎಸ್‌ಐನಲ್ಲಿ, ನಿಮ್ಮ ಹುದ್ದೆಯ ಹೆಸರಿಗಾಗಲಿ ಕೈಯಲ್ಲಿರುವ ಕಾರ್ಡಿಗಾಗಲಿ ಹೆಚ್ಚಿನ ಬೆಲೆಯಿಲ್ಲ. ನಿಮ್ಮ ಹೆಸರಿನಲ್ಲಿ ಎಷ್ಟು ದಿನಗಳ ವಂತಿಗೆ ಜಮೆಯಾಗಿದೆ ಮತ್ತು ಅದು ಯಾವ ಅವಧಿಗೆ ಸೇರಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಈ ಲೆಕ್ಕವನ್ನು ನೀವೇ ಹಾಕಿಕೊಳ್ಳುವ ಬಗೆಯನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಮೊದಲು ಇವುಗಳನ್ನು ಜೊತೆಯಲ್ಲಿಟ್ಟುಕೊಳ್ಳಿ: ನೇಮಕಾತಿ ಪತ್ರ, ಕಳೆದ ಒಂದು ವರ್ಷದ ಪೇ ಸ್ಲಿಪ್‌ಗಳು, ನಿಮ್ಮ ಮತ್ತು ಕುಟುಂಬದವರ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಮತ್ತು 10 ಅಂಕಿಗಳ ವಿಮಾ ಸಂಖ್ಯೆ. ಈ ಸಂಖ್ಯೆಯನ್ನು ಕಚೇರಿಗಳಲ್ಲಿ ‘ಐಪಿ ನಂಬರ್’ ಎನ್ನುತ್ತಾರೆ. ಐಪಿ ಎಂದರೆ ವಿಮೆಗೆ ಒಳಪಟ್ಟ ವ್ಯಕ್ತಿ, ಅಂದರೆ ನೌಕರರಾದ ನೀವು.

1. ನೀವು ಇಎಸ್‌ಐ ವ್ಯಾಪ್ತಿಗೆ ಬರುತ್ತೀರೋ ಎಂದು ಖಚಿತಪಡಿಸಿಕೊಳ್ಳಿ

ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆ, ಅಂಗಡಿ, ಹೋಟೆಲು, ಖಾಸಗಿ ಶಾಲೆ, ಆಸ್ಪತ್ರೆ, ಸಾರಿಗೆ ಸಂಸ್ಥೆ ಮುಂತಾದವು ಇಎಸ್‌ಐಗೆ ಒಳಪಡುತ್ತವೆ. ಅಲ್ಲಿ ತಿಂಗಳಿಗೆ 21,000 ರೂ.ವರೆಗೆ ವೇತನ ಪಡೆಯುವವರು ವಿಮೆಗೆ ಅರ್ಹರು. ಅಂಗವಿಕಲ ನೌಕರರಿಗೆ ಈ ಮಿತಿ 25,000 ರೂ. ಸದ್ಯದ 21,000 ರೂ. ಮಿತಿ 2017ರ ಜನವರಿ 1ರಿಂದ ಜಾರಿಯಲ್ಲಿದೆ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು ‘ಗುತ್ತಿಗೆ’, ‘ತಾತ್ಕಾಲಿಕ’, ‘ಪ್ರೊಬೇಷನ್’ ಎಂಬ ಪದಗಳು. ಕಾಯಂ ಆದ ಮೇಲೆಯೇ ಇಎಸ್‌ಐ ಎಂದು ಮಾಲೀಕರು ಹೇಳಿದರೆ ಅದಕ್ಕೆ ಕಾನೂನಿನ ಆಧಾರವಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ನೋಂದಣಿಯಾಗಬೇಕು. ಗುತ್ತಿಗೆದಾರರ ಮೂಲಕ ಬಂದವರಿಗೂ ಇದೇ ನಿಯಮ ಅನ್ವಯಿಸುತ್ತದೆ. ಅವರ ವಂತಿಗೆಯ ಹೊಣೆ ಮೂಲ ಮಾಲೀಕರದ್ದು, ಅಂದರೆ ಕೆಲಸ ಯಾರ ಆವರಣದಲ್ಲಿ ನಡೆಯುತ್ತಿದೆಯೋ ಅವರದ್ದು. ಆ ಹಣವನ್ನು ಗುತ್ತಿಗೆದಾರರಿಂದ ವಸೂಲು ಮಾಡಿಕೊಳ್ಳುವುದು ಅವರಿಬ್ಬರ ನಡುವಿನ ವ್ಯವಹಾರ.

ಎರಡನೆಯದು ‘ವೇತನ’ ಎಂಬ ಪದದ ಅರ್ಥ. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದ್ದು, 1948ರ ಇಎಸ್‌ಐ ಕಾಯ್ದೆಯ ವಿಷಯಗಳು ಅದರೊಳಗೆ ಸೇರಿವೆ. ಸಂಹಿತೆಯ ಪ್ರಕಾರ ಮೂಲ ವೇತನ ಮತ್ತು ತುಟ್ಟಿಭತ್ಯೆ ವೇತನದಲ್ಲಿ ಸೇರುತ್ತವೆ, ಮನೆ ಬಾಡಿಗೆ ಭತ್ಯೆಯಂಥವು ಹೊರಗುಳಿಯುತ್ತವೆ. ಆದರೆ ಹೊರಗಿಟ್ಟ ಭತ್ಯೆಗಳ ಮೊತ್ತ ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದಷ್ಟು ಭಾಗವನ್ನು ಮತ್ತೆ ವೇತನಕ್ಕೇ ಸೇರಿಸಲಾಗುತ್ತದೆ. ಹಾಗಾಗಿ ಕೈಗೆ ಬರುವ ಮೊತ್ತವನ್ನು ನೋಡಿ ‘ನನಗೆ ಬರುವುದಿಲ್ಲ’ ಎಂದು ತೀರ್ಮಾನಿಸಬೇಡಿ. ಇಎಸ್‌ಐ ಲೆಕ್ಕಕ್ಕೆ ಯಾವ ಮೊತ್ತವನ್ನು ಹಿಡಿದಿದ್ದೀರಿ ಎಂದು ಸಂಬಳದ ವಿಭಾಗವನ್ನು ಬರಹದಲ್ಲಿಯೇ ಕೇಳಿ.

2. ನೋಂದಣಿಯ ವಿವರಗಳನ್ನು ಅಕ್ಷರ ಬಿಡದೆ ಪರಿಶೀಲಿಸಿ

ನೋಂದಣಿ ಮಾಡಿಸುವುದು ಮಾಲೀಕರ ಕೆಲಸ, ಆದರೆ ತಪ್ಪಿದರೆ ಅಲೆಯಬೇಕಾದವರು ನೀವು. ಆಧಾರ್‌ನಲ್ಲಿರುವ ಹೆಸರು ಮತ್ತು ಹುಟ್ಟಿದ ದಿನಾಂಕಕ್ಕೂ ಇಎಸ್‌ಐ ದಾಖಲೆಗೂ ವ್ಯತ್ಯಾಸವಿದ್ದರೆ ಕೌಂಟರಿನಲ್ಲಿಯೇ ತಡೆಯುತ್ತಾರೆ. ಕುಟುಂಬದ ಪ್ರತಿಯೊಬ್ಬ ಅರ್ಹ ಸದಸ್ಯರ ಹೆಸರು ಸೇರಿದೆಯೇ, ಹತ್ತಿರದ ಡಿಸ್ಪೆನ್ಸರಿ ನಮೂದಾಗಿದೆಯೇ, ಮೊಬೈಲ್ ಸಂಖ್ಯೆ ನಿಮ್ಮದೇ ಆಗಿದೆಯೇ ಎಂಬುದನ್ನು ನೋಡಿಕೊಳ್ಳಿ. ಎಷ್ಟೋ ನೋಂದಣಿಗಳಲ್ಲಿ ನೌಕರರ ಸಂಖ್ಯೆಯ ಬದಲು ಗುತ್ತಿಗೆದಾರರ ಕಚೇರಿಯ ಸಂಖ್ಯೆ ಇರುತ್ತದೆ. ಆಗ ಒಟಿಪಿ ಬರುವುದು ಅವರಿಗೆ. ಊರು ಬದಲಿಸಿದಾಗ ಡಿಸ್ಪೆನ್ಸರಿಯನ್ನೂ ಬದಲಿಸಿಕೊಳ್ಳಬಹುದು. ಕುಟುಂಬ ಬೇರೆ ಊರಿನಲ್ಲಿದ್ದರೆ ಅವರಿಗಾಗಿ ಅಲ್ಲಿನ ಡಿಸ್ಪೆನ್ಸರಿಯನ್ನು ಪ್ರತ್ಯೇಕವಾಗಿ ಆರಿಸಲು ಅವಕಾಶವಿದೆ.

ಕುಟುಂಬದ ಅರ್ಥವೂ ಇಲ್ಲಿ ಕಟ್ಟುನಿಟ್ಟಾಗಿದೆ. ಪತಿ ಅಥವಾ ಪತ್ನಿ, ಅವಲಂಬಿತ ಅಪ್ರಾಪ್ತ ಮಕ್ಕಳು, ಓದುತ್ತಿರುವ ಮಕ್ಕಳಾದರೆ 21 ವರ್ಷದವರೆಗೆ, ಮದುವೆಯಾಗದ ಅವಲಂಬಿತ ಮಗಳು ಇದರಲ್ಲಿ ಸೇರುತ್ತಾರೆ. ತಂದೆತಾಯಿಯರು ಸೇರಬೇಕಾದರೆ ಎಲ್ಲ ಮೂಲಗಳಿಂದ ಅವರಿಗೆ ಬರುವ ಆದಾಯ ತಿಂಗಳಿಗೆ 9,000 ರೂ. ಮೀರಿರಬಾರದು. ಮಗು ಹುಟ್ಟಿದ ಕೂಡಲೇ ಹೆಸರು ಸೇರಿಸಿ. ಮಗುವನ್ನು ಆಸ್ಪತ್ರೆಗೆ ಕರೆದೊಯ್ದ ದಿನ ಈ ಕೆಲಸಕ್ಕೆ ಕೈಹಾಕಿದರೆ ಆಗುವ ಗೋಳು ಬೇಡ.

ಎಲ್ಲ ವಿವರ ಸರಿಯಿದ್ದಾಗ ‘ಇ-ಪಹಚಾನ್’ ಕಾರ್ಡನ್ನು ಇಎಸ್‌ಐ ಜಾಲತಾಣದಿಂದ ಇಳಿಸಿಕೊಂಡು ಮುದ್ರಿಸಿಟ್ಟುಕೊಳ್ಳಿ.

3. ವಂತಿಗೆ ನಿಜವಾಗಿ ಜಮೆಯಾಗುತ್ತಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ

ವಂತಿಗೆ ಎಂದರೆ ವಿಮೆಗಾಗಿ ಕಟ್ಟುವ ಪಾಲು. 2019ರ ಜುಲೈ 1ರಿಂದ ನೌಕರರ ಪಾಲು ವೇತನದ ಶೇ. 0.75, ಮಾಲೀಕರ ಪಾಲು ಶೇ. 3.25. ನಿಮ್ಮ ವೇತನ 18,000 ರೂ. ಆದರೆ ನಿಮ್ಮಿಂದ 135 ರೂ. ಕಡಿತವಾಗಬೇಕು, ಮಾಲೀಕರು ತಮ್ಮ ಕಡೆಯಿಂದ 585 ರೂ. ಸೇರಿಸಬೇಕು. ಮಾಲೀಕರ ಪಾಲನ್ನು ನಿಮ್ಮ ಸಂಬಳದಿಂದ ಮುರಿದುಕೊಳ್ಳುವಂತಿಲ್ಲ. ದಿನದ ಸರಾಸರಿ ವೇತನ 176 ರೂ. ಅಥವಾ ಅದಕ್ಕಿಂತ ಕಡಿಮೆ ಇರುವವರು ತಮ್ಮ ಪಾಲನ್ನು ಕಟ್ಟಬೇಕಿಲ್ಲ. ಮಾಲೀಕರ ಪಾಲು ಮಾತ್ರ ಜಮೆಯಾಗುತ್ತದೆ, ಸೌಲಭ್ಯಗಳು ಪೂರ್ತಿ ಸಿಗುತ್ತವೆ.

ಒಂದು ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಆದ್ದರಿಂದ 20ನೇ ತಾರೀಕಿನ ಹೊತ್ತಿಗೆ ಇಎಸ್‌ಐ ಜಾಲತಾಣದಲ್ಲಿ ವಿಮಾದಾರರ ಲಾಗಿನ್ ಮೂಲಕವೋ ಉಮಂಗ್ ಆ್ಯಪ್‌ನಲ್ಲಿಯೋ ನಿಮ್ಮ ಖಾತೆಯನ್ನು ತೆರೆದು ನೋಡಿ. ಅಲ್ಲಿ ಎರಡು ಅಂಶಗಳು ಕಾಣುತ್ತವೆ: ಎಷ್ಟು ವೇತನದ ಮೇಲೆ ಕಟ್ಟಿದ್ದಾರೆ, ಎಷ್ಟು ದಿನಗಳಿಗೆ ಕಟ್ಟಿದ್ದಾರೆ. ಜನ ಹಣವನ್ನಷ್ಟೇ ನೋಡಿ ಸುಮ್ಮನಾಗುತ್ತಾರೆ; ಮುಖ್ಯವಾದದ್ದು ದಿನಗಳ ಸಂಖ್ಯೆ. 26 ದಿನ ದುಡಿದಿದ್ದರೂ 15 ಎಂದು ತುಂಬಿರುವ ತಿಂಗಳನ್ನು ಆಗಲೇ ಸರಿಪಡಿಸಿಕೊಳ್ಳದಿದ್ದರೆ, ವರ್ಷದ ನಂತರ ಹೆರಿಗೆ ಭತ್ಯೆಗೋ ಅನಾರೋಗ್ಯ ಭತ್ಯೆಗೋ ಅರ್ಜಿ ಹಾಕಿದಾಗ ಅದು ಎದುರಿಗೆ ಬಂದು ನಿಲ್ಲುತ್ತದೆ.

4. ಎರಡು ಅವಧಿಗಳ ಲೆಕ್ಕವನ್ನು ಕಲಿಯಿರಿ

ಇಡೀ ಯೋಜನೆಯ ಕೀಲಿ ಇಲ್ಲಿದೆ. ಈ ಭಾಗವನ್ನು ಪಕ್ಕದಲ್ಲಿ ಕ್ಯಾಲೆಂಡರ್ ಇಟ್ಟುಕೊಂಡು ಓದಿ.

ವರ್ಷವನ್ನು ಎರಡು ‘ವಂತಿಗೆ ಅವಧಿ’ಗಳಾಗಿ ವಿಂಗಡಿಸಲಾಗಿದೆ: ಏಪ್ರಿಲ್ 1ರಿಂದ ಸೆಪ್ಟೆಂಬರ್ 30 ಮತ್ತು ಅಕ್ಟೋಬರ್ 1ರಿಂದ ಮಾರ್ಚ್ 31. ಪ್ರತಿಯೊಂದಕ್ಕೂ ಮೂರು ತಿಂಗಳ ಅಂತರದ ನಂತರ ಒಂದು ‘ಸೌಲಭ್ಯ ಅವಧಿ’ ಬರುತ್ತದೆ. ಏಪ್ರಿಲ್–ಸೆಪ್ಟೆಂಬರ್ ವಂತಿಗೆಯ ಫಲ ಮುಂದಿನ ಜನವರಿ 1ರಿಂದ ಜೂನ್ 30ರವರೆಗೆ. ಅಕ್ಟೋಬರ್–ಮಾರ್ಚ್ ವಂತಿಗೆಯ ಫಲ ನಂತರದ ಜುಲೈ 1ರಿಂದ ಡಿಸೆಂಬರ್ 31ರವರೆಗೆ. ಒಂದು ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇದ್ದರೆ, ಅದಕ್ಕೆ ಹೊಂದಿದ ಸೌಲಭ್ಯ ಅವಧಿ ಮುಗಿಯುವವರೆಗೆ ನಿಮಗೂ ಕುಟುಂಬಕ್ಕೂ ಚಿಕಿತ್ಸೆಯ ಹಕ್ಕು ಉಳಿಯುತ್ತದೆ. ಆ ಹೊತ್ತಿಗೆ ನೀವು ಕೆಲಸದಲ್ಲಿ ಇರಲೇಬೇಕೆಂದಿಲ್ಲ.

ಮೊದಲ ಬಾರಿಗೆ ಇಎಸ್‌ಐಗೆ ಸೇರಿದವರ ವಿಷಯ ಸ್ವಲ್ಪ ಬೇರೆ. ಅವರ ಮೊದಲ ಸೌಲಭ್ಯ ಅವಧಿ ಸೇರಿದ ದಿನದಿಂದ 9 ತಿಂಗಳು ಕಳೆದ ಮೇಲೆ ಶುರುವಾಗುತ್ತದೆ. 2025ರ ಜೂನ್ 10ರಂದು ಸೇರಿದವರಿಗೆ ಅದು 2026ರ ಮಾರ್ಚ್ 10ರಿಂದ ಜೂನ್ 30ರವರೆಗೆ. ಹಾಗೆಂದು 9 ತಿಂಗಳು ಚಿಕಿತ್ಸೆಯೇ ಇಲ್ಲವೆಂದು ತಿಳಿಯಬೇಡಿ. ಕಾಯಬೇಕಾಗಿರುವುದು ಅನಾರೋಗ್ಯ ಭತ್ಯೆಯಂಥ ನಗದು ಸೌಲಭ್ಯಗಳಿಗೆ. ಡಿಸ್ಪೆನ್ಸರಿ ಮತ್ತು ಆಸ್ಪತ್ರೆಯ ಸಾಮಾನ್ಯ ಚಿಕಿತ್ಸೆ ಮೊದಲ ದಿನದಿಂದಲೇ ಇದೆ.

5. ಚಿಕಿತ್ಸೆಗೆ ಹೋಗುವ ದಾರಿಯನ್ನು ತಪ್ಪಿಸಬೇಡಿ

ಇಎಸ್‌ಐನಲ್ಲಿ ಚಿಕಿತ್ಸೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಮೊದಲು ನಿಮಗೆ ನಮೂದಾದ ಡಿಸ್ಪೆನ್ಸರಿ, ಅಲ್ಲಿಂದ ಇಎಸ್‌ಐ ಆಸ್ಪತ್ರೆ, ಅಲ್ಲಿಯೂ ಲಭ್ಯವಿಲ್ಲದ ಚಿಕಿತ್ಸೆಗೆ ಒಪ್ಪಂದ ಮಾಡಿಕೊಂಡ ಖಾಸಗಿ ಆಸ್ಪತ್ರೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ವೈದ್ಯರು ಬರೆದುಕೊಡುವ ಪತ್ರವೇ ‘ರೆಫರಲ್’. ಬೆಂಗಳೂರಿನ ರಾಜಾಜಿನಗರ, ಪೀಣ್ಯ, ಇಂದಿರಾನಗರ ಮತ್ತು ಕಲಬುರಗಿಯ ಆಸ್ಪತ್ರೆಗಳು ಕರ್ನಾಟಕದ ಇಎಸ್‌ಐ ರೋಗಿಗಳಿಗೆ ಪರಿಚಿತ.

ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ, ರೆಫರಲ್ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿ, ಬಿಲ್ಲನ್ನು ಹಿಡಿದುಕೊಂಡು ಮರುಪಾವತಿಗೆ ಬರುವುದು. ಯೋಜಿತ ಚಿಕಿತ್ಸೆಯಲ್ಲಿ ಹೀಗೆ ಮಾಡಿದರೆ ಹಣ ವಾಪಸು ಬರುವುದು ಕಷ್ಟ. ಹೃದಯಾಘಾತ, ಅಪಘಾತದಂಥ ತುರ್ತಿನಲ್ಲಿ ಹತ್ತಿರದ ಆಸ್ಪತ್ರೆಗೆ ಹೋಗುವುದಕ್ಕೆ ಯಾರೂ ಅಡ್ಡಿಪಡಿಸುವಂತಿಲ್ಲ. ಆದರೆ ದಾಖಲಾದ ಕೂಡಲೇ ಡಿಸ್ಪೆನ್ಸರಿಗೆ ಅಥವಾ ಇಎಸ್‌ಐ ಆಸ್ಪತ್ರೆಗೆ ತಿಳಿಸಿ, ‘ಇದು ತುರ್ತು ಪ್ರಕರಣ’ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಮರುಪಾವತಿಗೆ ಸರ್ಕಾರಿ ದರಪಟ್ಟಿಯ ಮಿತಿಯಿರುವುದರಿಂದ ಬಿಲ್ಲಿನ ಪೂರ್ತಿ ಮೊತ್ತ ಕೈಸೇರದಿರಬಹುದು.

ಹೃದಯ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಮುಂತಾದ ಸೂಪರ್ ಸ್ಪೆಷಾಲಿಟಿ ಚಿಕಿತ್ಸೆಗೆ ವಂತಿಗೆ ದಿನಗಳ ಷರತ್ತು ಪ್ರತ್ಯೇಕವಾಗಿದೆ. ಅದು ನೌಕರರಿಗೆ ಒಂದು ಬಗೆ, ಕುಟುಂಬದವರಿಗೆ ಅದಕ್ಕಿಂತ ಕಠಿಣ. ಇಂಥ ಕಾಯಿಲೆಯಿರುವವರು ಮನೆಯಲ್ಲಿದ್ದರೆ ಕೆಲಸ ಬದಲಿಸುವ ಮುನ್ನವೇ ಶಾಖಾ ಕಚೇರಿಯಲ್ಲಿ ನಿಮ್ಮ ಐಪಿ ಸಂಖ್ಯೆ ಕೊಟ್ಟು ಅರ್ಹತೆಯನ್ನು ಕೇಳಿಕೊಳ್ಳಿ.

6. ದುಡಿಯಲಾಗದ ದಿನಗಳಿಗೆ ಭತ್ಯೆ ಪಡೆಯಿರಿ

ಚಿಕಿತ್ಸೆ ಉಚಿತವಾಗಿ ಸಿಕ್ಕರೂ ಕೂಲಿ ಹೋಗುತ್ತದೆಂಬ ಭಯದಿಂದ ಆಸ್ಪತ್ರೆಗೆ ಹೋಗದವರು ಬಹಳ ಮಂದಿ. ಅವರಿಗಾಗಿಯೇ ಅನಾರೋಗ್ಯ ಭತ್ಯೆ ಇದೆ. ಹೊಂದಿಕೆಯಾಗುವ ವಂತಿಗೆ ಅವಧಿಯಲ್ಲಿ 78 ದಿನ ತುಂಬಿದ್ದರೆ ಸರಾಸರಿ ದಿನಗೂಲಿಯ ಶೇ. 70ರಷ್ಟು ಸಿಗುತ್ತದೆ, ದಿನದ ಸರಾಸರಿ 600 ರೂ. ಆದರೆ 420 ರೂ. ಒಂದರ ಹಿಂದೆ ಒಂದು ಬರುವ ಎರಡು ಸೌಲಭ್ಯ ಅವಧಿಗಳಲ್ಲಿ ಒಟ್ಟು 91 ದಿನ ಇದರ ಮಿತಿ. ಮೊದಲ ಎರಡು ದಿನಗಳಿಗೆ ಭತ್ಯೆಯಿಲ್ಲ. ಹಿಂದಿನ ಅನಾರೋಗ್ಯ ಮುಗಿದು 15 ದಿನಗಳೊಳಗೆ ಮತ್ತೆ ಮಲಗಿದರೆ ಈ ಕಡಿತವಿರುವುದಿಲ್ಲ. ಕ್ಷಯ, ಕ್ಯಾನ್ಸರ್ ಮೊದಲಾದ 34 ದೀರ್ಘಕಾಲದ ಕಾಯಿಲೆಗಳಿಗೆ, ಎರಡು ವರ್ಷಗಳ ಸೇವೆ ಮತ್ತು ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನಗಳ ವಂತಿಗೆಯಿದ್ದವರಿಗೆ, ಶೇ. 80ರ ದರದಲ್ಲಿ ಎರಡು ವರ್ಷಗಳವರೆಗೆ ವಿಸ್ತೃತ ಭತ್ಯೆ ದೊರೆಯುತ್ತದೆ.

ಈ ಭತ್ಯೆಗೆ ಇಎಸ್‌ಐ ವೈದ್ಯರ ಪ್ರಮಾಣಪತ್ರವೇ ಬೇಕು. ಖಾಸಗಿ ವೈದ್ಯರ ಚೀಟಿ ತಂದು, ಗುಣವಾದ ಮೇಲೆ ಹಿಂದಿನ ದಿನಾಂಕಕ್ಕೆ ಪ್ರಮಾಣಪತ್ರ ಕೇಳಿದರೆ ತಿರಸ್ಕೃತವಾಗುವ ಸಂಭವವೇ ಹೆಚ್ಚು. ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಅನಾರೋಗ್ಯದ ಕಾರಣಕ್ಕೆ ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂಬುದು ನೆನಪಿರಲಿ.

ಹೆರಿಗೆ ಭತ್ಯೆ 26 ವಾರ, ಪೂರ್ತಿ ಸರಾಸರಿ ವೇತನದ ದರದಲ್ಲಿ. ಬದುಕಿರುವ ಮಕ್ಕಳು ಈಗಾಗಲೇ ಇಬ್ಬರಿದ್ದರೆ 12 ವಾರ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಸಾಕು.

ಕೆಲಸದ ವೇಳೆ ಆದ ಗಾಯಕ್ಕೆ ಇಂಥ ಯಾವ ದಿನಗಣನೆಯೂ ಇಲ್ಲ. ಸೇರಿದ ಮೊದಲ ದಿನವೇ ಯಂತ್ರಕ್ಕೆ ಬೆರಳು ಸಿಕ್ಕಿದರೂ ಚಿಕಿತ್ಸೆ ಮತ್ತು ವೇತನದ ಶೇ. 90ರ ದರದ ಅಂಗವೈಕಲ್ಯ ಭತ್ಯೆ ಸಲ್ಲುತ್ತದೆ. ‘ಮನೆಯಲ್ಲಿ ಬಿದ್ದೆ ಎಂದು ಬರೆಸು, ಖರ್ಚು ನಾವು ನೋಡಿಕೊಳ್ಳುತ್ತೇವೆ’ ಎಂಬ ಮಾತಿಗೆ ಒಪ್ಪಬೇಡಿ. ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಹಾಗೆ ದಾಖಲಾಗಿಬಿಟ್ಟರೆ ಮುಂದೆ ಶಾಶ್ವತ ಅಂಗವೈಕಲ್ಯದ ಹಕ್ಕನ್ನು ಸಾಧಿಸುವುದು ತುಂಬಾ ಕಷ್ಟ. ಮಾಲೀಕರು ಅಪಘಾತ ವರದಿ ಸಲ್ಲಿಸಿದ್ದಾರೆಯೇ ಎಂದು ಕೇಳಿ, ಅದರ ಪ್ರತಿಯನ್ನು ಪಡೆಯಿರಿ.

7. ಸಂಬಳ 21,000 ರೂ. ದಾಟಿದರೆ ಗಾಬರಿಯಾಗಬೇಡಿ

ವಂತಿಗೆ ಅವಧಿಯ ನಡುವೆ ವೇತನ ಮಿತಿಯನ್ನು ದಾಟಿದರೆ, ಆ ಅವಧಿ ಮುಗಿಯುವವರೆಗೆ ನೀವು ಇಎಸ್‌ಐನಲ್ಲಿಯೇ ಮುಂದುವರಿಯುತ್ತೀರಿ. ಹೆಚ್ಚಿದ ಪೂರ್ತಿ ವೇತನದ ಮೇಲೆ ವಂತಿಗೆ ಕಟ್ಟಬೇಕಾಗುತ್ತದೆ. 2025ರ ಮೇ ತಿಂಗಳಲ್ಲಿ ಬಡ್ತಿಯಾಯಿತೆಂದುಕೊಳ್ಳಿ. ಸೆಪ್ಟೆಂಬರ್ 30ರವರೆಗೆ ವಂತಿಗೆ ನಡೆಯುತ್ತದೆ, ಅದರ ಫಲವಾಗಿ 2026ರ ಜೂನ್ 30ರವರೆಗೆ ಚಿಕಿತ್ಸೆಯ ಹಕ್ಕು ಉಳಿಯುತ್ತದೆ. ಆದರೆ ಕೆಲವು ಸಂಸ್ಥೆಗಳು ಮೇ ತಿಂಗಳಲ್ಲಿಯೇ ಕಡಿತವನ್ನು ನಿಲ್ಲಿಸಿಬಿಡುತ್ತವೆ. ಏಪ್ರಿಲ್ ಒಂದೇ ತಿಂಗಳ ವಂತಿಗೆಯಿಂದ 78 ದಿನ ತುಂಬುವುದಿಲ್ಲವಾದ್ದರಿಂದ ಅರ್ಧ ವರ್ಷದ ರಕ್ಷಣೆ ಸದ್ದಿಲ್ಲದೆ ಕೈತಪ್ಪುತ್ತದೆ. ಬಡ್ತಿಯ ನಂತರದ ಮೊದಲ ಪೇ ಸ್ಲಿಪ್ಪನ್ನು ಇದಕ್ಕಾಗಿಯೇ ಗಮನಿಸಿ.

8. ಕೆಲಸ ಬಿಡುವ ಮುನ್ನ ದಿನಾಂಕವನ್ನು ಲೆಕ್ಕ ಹಾಕಿ

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ದುಡಿದ ನೌಕರರೊಬ್ಬರು ಅಕ್ಟೋಬರ್ 20ರಂದು ರಾಜೀನಾಮೆ ಕೊಟ್ಟರೆ, ಅವರಿಗೆ ಮುಂದಿನ ಜೂನ್ 30ರವರೆಗೆ ಚಿಕಿತ್ಸೆ ಇರುತ್ತದೆ. ಅದೇ ನೌಕರರು ಜನವರಿ ಮಧ್ಯದವರೆಗೆ ಉಳಿದು, ಅಕ್ಟೋಬರ್‌ನಲ್ಲಿ ಶುರುವಾದ ಹೊಸ ಅವಧಿಯಲ್ಲಿಯೂ 78 ದಿನ ತುಂಬಿಸಿದರೆ, ರಕ್ಷಣೆ ಡಿಸೆಂಬರ್ 31ರವರೆಗೆ ಚಾಚುತ್ತದೆ. ಮನೆಯಲ್ಲಿ ನಿತ್ಯ ಔಷಧ ಬೇಕಾದವರಿದ್ದರೆ ರಾಜೀನಾಮೆಯ ತಾರೀಕನ್ನು ಹೊಸ ಸಂಬಳವೊಂದನ್ನೇ ನೋಡಿ ನಿರ್ಧರಿಸುವುದು ನನ್ನ ದೃಷ್ಟಿಯಲ್ಲಿ ಅವಸರದ ತೀರ್ಮಾನ. ಸಂಬಳವಿಲ್ಲದ ರಜೆ ಈ 78ರ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಹೊಸ ಕೆಲಸಕ್ಕೆ ಸೇರಿದಾಗ ಹಳೆಯ ಐಪಿ ಸಂಖ್ಯೆಯನ್ನೇ ಕೊಡಿ. ‘ಹೊಸದನ್ನೇ ಮಾಡಿಸಿಬಿಡೋಣ, ಬೇಗ ಆಗುತ್ತದೆ’ ಎನ್ನುವ ಸಂಬಳ ವಿಭಾಗಗಳಿವೆ. ಎರಡು ಸಂಖ್ಯೆಗಳಾದರೆ ಹಿಂದಿನ ದಿನಗಳು ಒಂದು ಕಡೆ, ಮುಂದಿನವು ಇನ್ನೊಂದು ಕಡೆ ಹಂಚಿಹೋಗಿ, ಎರಡರಲ್ಲಿಯೂ ಅರ್ಹತೆ ಸಾಲದೆ ಹೋಗಬಹುದು.

ಕೆಲಸ ಹೋದದ್ದು ನಿಮ್ಮ ತಪ್ಪಿನಿಂದಲ್ಲವಾದರೆ ‘ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ’ಯನ್ನು ವಿಚಾರಿಸಿ. 2018ರ ಜುಲೈ 1ರಿಂದ ಇರುವ ಈ ಯೋಜನೆಯನ್ನು ಕಾಲಕಾಲಕ್ಕೆ ವಿಸ್ತರಿಸುತ್ತ ಬಂದಿದ್ದಾರೆ. ಅರ್ಜಿಗೆ ಮುನ್ನ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ಎರಡು ವರ್ಷ ವಿಮೆಯಲ್ಲಿದ್ದು, ಕೆಲಸ ಹೋಗುವ ಮುಂಚಿನ ವಂತಿಗೆ ಅವಧಿಯಲ್ಲಿ 78 ದಿನ ಮತ್ತು ಅದರ ಹಿಂದಿನ ಮೂರು ಅವಧಿಗಳ ಪೈಕಿ ಒಂದರಲ್ಲಿ 78 ದಿನ ವಂತಿಗೆಯಿದ್ದರೆ, ಸರಾಸರಿ ವೇತನದ ಅರ್ಧದಷ್ಟು 90 ದಿನಗಳವರೆಗೆ ದೊರೆಯುತ್ತದೆ. ದುರ್ನಡತೆಯ ಕಾರಣಕ್ಕೆ ತೆಗೆದಿದ್ದರೆ ಅಥವಾ ನಿವೃತ್ತಿಯಾಗಿದ್ದರೆ ಇದು ಸಿಗುವುದಿಲ್ಲ. ಆದ್ದರಿಂದ ಮಾಲೀಕರು ಇಎಸ್‌ಐ ದಾಖಲೆಯಲ್ಲಿ ನೀವು ಬಿಟ್ಟ ಕಾರಣವನ್ನು ಏನೆಂದು ತುಂಬಿದ್ದಾರೆ ಎಂಬುದನ್ನು ಪರಿಶೀಲಿಸುವುದು ಅಗತ್ಯ.

9. ನಿವೃತ್ತರಾಗುವವರು 120 ರೂ. ಕಟ್ಟುವುದನ್ನು ಮರೆಯಬಾರದು

ಕನಿಷ್ಠ ಐದು ವರ್ಷ ವಿಮೆಗೆ ಒಳಪಟ್ಟು ದುಡಿದು ವಯೋನಿವೃತ್ತಿ ಅಥವಾ ಸ್ವಯಂನಿವೃತ್ತಿ ಪಡೆದವರು ವರ್ಷಕ್ಕೆ 120 ರೂ. ಕಟ್ಟಿ ತಮಗೂ ಪತಿ ಅಥವಾ ಪತ್ನಿಗೂ ಚಿಕಿತ್ಸೆಯನ್ನು ಮುಂದುವರಿಸಿಕೊಳ್ಳಬಹುದು. ತಿಂಗಳಿಗೆ 10 ರೂ. ಲೆಕ್ಕದ ಈ ಸೌಲಭ್ಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ, ನಿವೃತ್ತಿಯ ದಿನ ಹಾರ ಹಾಕುವವರು ಹೇಳುವುದೂ ಇಲ್ಲ. ಸಂಸ್ಥೆಯಿಂದ ಸೇವಾ ಪ್ರಮಾಣಪತ್ರ ಪಡೆದು ಶಾಖಾ ಕಚೇರಿಯಲ್ಲಿ ಅರ್ಜಿ ಕೊಡಿ.

10. ಇಎಸ್‌ಐನಿಂದ ಹೊರಬಿದ್ದವರು ಹೀಗೆ ಮಾಡಿ

ಮಿತಿ ದಾಟಿದವರಿಗೆ ಬಹುಪಾಲು ಸಂಸ್ಥೆಗಳು ಗ್ರೂಪ್ ಆರೋಗ್ಯ ವಿಮೆ ಕೊಡುತ್ತವೆ. ಇಎಸ್‌ಐಗೂ ಇದಕ್ಕೂ ದೊಡ್ಡ ವ್ಯತ್ಯಾಸವೆಂದರೆ, ಕೆಲಸದ ಕೊನೆಯ ದಿನವೇ ಇದು ಸಾಮಾನ್ಯವಾಗಿ ಮುಗಿಯುತ್ತದೆ. ಆ ದಿನಕ್ಕೆ ಮುಂಚೆಯೇ ಅದೇ ವಿಮಾ ಕಂಪನಿಗೆ ಬರೆದು, ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಲು ಕೇಳಿ. ಮೊದಲೇ ಇದ್ದ ಕಾಯಿಲೆಗಳಿಗೆ ಪಾಲಿಸಿಯಲ್ಲಿ ಕಾಯಬೇಕಾದ ಅವಧಿ ಗರಿಷ್ಠ 36 ತಿಂಗಳು. ಸರಿಯಾಗಿ ವರ್ಗಾಯಿಸಿಕೊಂಡರೆ ಈಗಾಗಲೇ ಕಳೆದ ತಿಂಗಳುಗಳು ಲೆಕ್ಕಕ್ಕೆ ಸಿಗುತ್ತವೆ, ಬಿಟ್ಟು ಹೊಸದಾಗಿ ಕೊಂಡರೆ ಮತ್ತೆ ಒಂದರಿಂದ ಎಣಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ.

ಸ್ವಂತ ದುಡಿಮೆಯವರು ಮತ್ತು ಕೆಲಸವಿಲ್ಲದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ನೋಡಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ಚಿಕಿತ್ಸಾ ದರದ ಶೇ. 30, ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ. ಇಲ್ಲಿಯೂ ತುರ್ತನ್ನು ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಕಟ್ಟಡ ಕಾರ್ಮಿಕರು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡು ಅದರ ವೈದ್ಯಕೀಯ ಸಹಾಯವನ್ನು ಕೇಳಬಹುದು. ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಇದೆ.

11. ಕಡಿತ ಮಾಡಿಯೂ ಕಟ್ಟದಿದ್ದರೆ ದೂರು ಕೊಡಿ

ಸಂಬಳದಿಂದ ಮುರಿದ ವಂತಿಗೆಯನ್ನು ಜಮೆ ಮಾಡದಿರುವುದು ಅಪರಾಧ. ಮಾಲೀಕರ ಲೋಪದಿಂದ ನಿಮ್ಮ ಅರ್ಹತೆಗೆ ಕುಂದು ಬಂದಿದ್ದರೆ, ಇಎಸ್‌ಐ ನಿಗಮವು ನಿಮಗೆ ಸೌಲಭ್ಯ ಕೊಟ್ಟು ಅದರ ಮೊತ್ತವನ್ನು ಮಾಲೀಕರಿಂದ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಹಾಗಾಗಿ ಕೌಂಟರಿನಲ್ಲಿ ‘ವಂತಿಗೆ ಇಲ್ಲ’ ಎಂದಾಗ ಹಿಂತಿರುಗಿ ಬರಬೇಡಿ. ಕಡಿತ ಕಾಣುವ ಪೇ ಸ್ಲಿಪ್, ಸಂಬಳ ಜಮೆಯಾದ ಬ್ಯಾಂಕ್ ವಿವರ, ಹಾಜರಾತಿಯ ಯಾವುದಾದರೂ ದಾಖಲೆ, ನೇಮಕಾತಿ ಪತ್ರ ಅಥವಾ ಗುರುತಿನ ಚೀಟಿ, ಇವುಗಳ ಪ್ರತಿಗಳೊಂದಿಗೆ ಶಾಖಾ ವ್ಯವಸ್ಥಾಪಕರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿಯಲ್ಲಿ ಯಾವ ತಿಂಗಳು, ಎಷ್ಟು ದಿನ, ಎಷ್ಟು ಮೊತ್ತ ಎಂಬುದನ್ನು ಪಟ್ಟಿಮಾಡಿ. ‘ಸರಿಯಾಗಿ ಕಟ್ಟುತ್ತಿಲ್ಲ’ ಎಂಬ ಒಂದು ಸಾಲಿನ ದೂರಿನಿಂದ ತನಿಖೆ ಮುಂದೆ ಸಾಗುವುದಿಲ್ಲ. ಅಲ್ಲಿ ಉತ್ತರ ಸಿಗದಿದ್ದರೆ ಪ್ರಾದೇಶಿಕ ಕಚೇರಿಗೆ ಅದೇ ಸ್ವೀಕೃತಿಯ ಪ್ರತಿಯೊಂದಿಗೆ ಬರೆಯಿರಿ, ಅಥವಾ ನಿಗಮದ ಉಚಿತ ಸಹಾಯವಾಣಿ 1800 11 2526ಕ್ಕೆ ಕರೆ ಮಾಡಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕೆಲಸದಲ್ಲಿದ್ದುಕೊಂಡೇ ದೂರು ಕೊಡಲು ಹಿಂಜರಿಯುವವರು ಕನಿಷ್ಠ ಈ ದಾಖಲೆಗಳ ಪ್ರತಿಗಳನ್ನಾದರೂ ಪ್ರತಿ ತಿಂಗಳು ಮನೆಯಲ್ಲಿ ಜೋಡಿಸಿಡಬೇಕು. ಸಂಸ್ಥೆ ಬಿಟ್ಟ ಮರುದಿನ ಅದರ ಆಂತರಿಕ ಜಾಲತಾಣದಿಂದ ಪೇ ಸ್ಲಿಪ್ ಇಳಿಸಿಕೊಳ್ಳಲು ಆಗುವುದಿಲ್ಲ.